ಬೀಗತಿಯ ಭಾಷೆ

ಮೂವತ್ತಮೂರು ವರ್ಷ ಒಂದನೇ ತರಗತಿಗೆ ಪಾಠ ಹೇಳಿದವಳು ನಾನು. ಚಿಗಟೇರಿಯಲ್ಲಿ ಹದಿನಾಲ್ಕು, ಇಟ್ಟಿಗಿಯಲ್ಲಿ ಒಂಬತ್ತು, ಮಿಕ್ಕಿದ್ದು ಕೊಟ್ಟೂರಿನಲ್ಲೇ. ಕನಕಮ್ಮ ಟೀಚರ್ ಎದುರಿಗೆ ಬಂದರೆ ಇವತ್ತಿಗೂ ಬೈಕಿನ ಮೇಲೆ ಹೋಗುವ ನಡುವಯಸ್ಸಿನ ಗಂಡಸರು ಬಾಯಲ್ಲಿದ್ದ ಗುಟ್ಕಾ ನುಂಗಿಬಿಡುತ್ತಾರೆ. ಅಂಥವಳು ಅರವತ್ತೊಂದರಲ್ಲಿ, ಅಡಿಗೆಮನೆಯ ಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ‘ನ್ಯಾ ಝೋಂಗ್, ನ್ಯಾ ಝೋಂಗ್’ ಎಂದು ಒದರುತ್ತಾ ನಿಲ್ಲಬೇಕಾಯಿತು. ಹ್ಮಾಂಗ್ ಭಾಷೆಯಲ್ಲಿ ಅದು ನಮಸ್ಕಾರ.

"ಅರವತ್ತಕ್ಕ ಅರಳು ಮರಳು ಅಂತಾರ. ನಿನಗ ಒಂದು ವರ್ಷ ತಡ ಆಗೇತಿ ನೋಡು," ಅಂದರು ನನ್ನ ಗಂಡ ಭೀಮರಾಜ. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ರಿಟೈರಾದ ಮೇಲೆ ಬಿಚ್ಚಿ ಜೋಡಿಸಲು ಇಂಜಿನ್ ಸಿಗದೆ ನನ್ನನ್ನೇ ಬಿಚ್ಚುತ್ತಾರೆ.

"ನೀವು ಸುಮ್ಮನ ಚಾ ಕುಡೀರಿ," ಅಂದೆ.

ವಿಷಯ ಇಷ್ಟು. ನಮ್ಮ ಒಬ್ಬಳೇ ಮಗಳು ಶಿವಗಂಗಾ. ಹೆಸರು ನನ್ನ ಅತ್ತೆ ಇಟ್ಟದ್ದು, ಆಗ ನಾವಿನ್ನೂ ಬೌದ್ಧ ದೀಕ್ಷೆ ತಗೊಂಡಿರಲಿಲ್ಲ. ಹೈದರಾಬಾದಿನ ಹತ್ತಿರ ಒಂದು ಬೀಜ ಸಂಶೋಧನೆಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಶೇಂಗಾ ತಳಿಯ ತರಬೇತಿಗೆಂದು ಥಾಯ್ಲೆಂಡಿನಿಂದ ಫೆಂಗ್ ಎಂಬ ಹುಡುಗ ಬಂದ. ಆರು ತಿಂಗಳ ತರಬೇತಿ ಮುಗಿಯುವಷ್ಟರಲ್ಲಿ ಇಬ್ಬರೂ ರಿಜಿಸ್ಟರ್ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಥಾಯ್ಲೆಂಡ್ ಅಂದ ತಕ್ಷಣ ನಮ್ಮ ಮನೆಯಲ್ಲಿ ಹಿಗ್ಗೋ ಹಿಗ್ಗು. ಬುದ್ಧನ ನಾಡಿನ ಅಳಿಯ! ಜಾತಿ ಕೇಳುವವರಿಲ್ಲ, ಕುಲ ಕೆದಕುವವರಿಲ್ಲ. ನಾನು ಮೊಳದೆತ್ತರದ ಬುದ್ಧನ ಮೂರ್ತಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಬೀಗತಿಗೆ ಅಂತ, ಗಂಡನ ಊರಿಗೆ ಹೊರಟ ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ. ಆಮೇಲೆ ತಿಳಿಯಿತು, ಉತ್ತರದ ಚಿಯಾಂಗ್ ರಾಯ್ ಗುಡ್ಡಗಳ ಮೇಲಿರುವ ಈ ಜನ ಬೌದ್ಧರಲ್ಲ, ಥಾಯ್ ಮಾತಿನವರೂ ಅಲ್ಲ. ಇವರು ಹ್ಮಾಂಗ್. ಭಾಷೆ ಬೇರೆ, ಮನೆಯೊಳಗೆ ಸತ್ತ ಹಿರಿಯರಿಗೆ ನಡೆದುಕೊಳ್ಳುವ ರೀತಿ ಬೇರೆ. ಬೀಗತಿ ನನ್ನ ಬುದ್ಧನನ್ನು ಟಿವಿಯ ಪಕ್ಕ ಇಟ್ಟು ಅವನ ಕೊರಳಿಗೆ ಚಾರ್ಜರ್ ವೈರು ಸುತ್ತಿದ್ದಾಳೆಂದು ಮಗಳು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಅಂಥ ಮನೆಯಲ್ಲಿ ಈಗ ಶಿವಗಂಗಾ ಬಸುರಿ. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳರಲ್ಲಿ ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಕುಬಸ ಮಾಡಿ, ಮಗಳನ್ನು ಕರೆದುಕೊಂಡು ಬರಬೇಕು. ದೀಕ್ಷೆಯ ದಿನ ಇಪ್ಪತ್ತೆರಡು ಪ್ರತಿಜ್ಞೆ ಮಾಡಿದವಳು ನಾನು, ಹಳೆಯ ದೇವರು ಪೂಜೆ ಬಹಳಷ್ಟು ಬಿಟ್ಟಿದ್ದೇನೆ. ಆದರೆ ಕುಬಸ ಯಾವ ದೇವರದ್ದೂ ಅಲ್ಲ, ತಾಯಿಯದ್ದು. ನನಗೆ ಅದು ದಕ್ಕಿರಲಿಲ್ಲ. ಕೂಡ್ಲಿಗಿಯಲ್ಲಿದ್ದ ನನ್ನ ಅತ್ತೆ ಏನೇನೋ ನೆಪ ಹೇಳಿ ಕಳಿಸಲೇ ಇಲ್ಲ. ನನ್ನವ್ವ ಹಡಗಲಿಯಿಂದ ಬರುವ ಹೊತ್ತಿಗೆ ಮಗು ಹುಟ್ಟಿ ಮೂರು ದಿನ ಆಗಿತ್ತು. ಬಂದವಳು ಹೊರಗಿನ ಕಟ್ಟೆಯ ಮೇಲೆ ಅರ್ಧ ದಿನ ಕೂತು, ಒಂದು ಲೋಟ ನೀರೂ ಕುಡಿಯದೆ ಹೋದಳು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಹಾಗೇ ಇದೆ. ನನ್ನ ಮಗಳು ನನ್ನ ಮನೆಯಲ್ಲೇ ಹೆರಬೇಕು, ಅಷ್ಟೇ.

"ನೀನ ಕೇಳವ್ವ ನಮ್ಮತ್ತಿಗೆ," ಅಂದಳು ಶಿವಗಂಗಾ ಫೋನಿನಲ್ಲಿ. "ನಾ ಕೇಳಿದ್ರ ಬ್ಯಾರೆ ಆಗತೈತಿ. ನಿನ್ನ ಅಳಿಯಾನ್ನ ಕೇಳಿದ್ರ ತಲಿ ಕೆರಕೊಂತ ಹೊರಗ ಹೋಗ್ತಾನ."

"ಕೇಳ್ತೀನಿ. ಆಕಿ ಮಾತಿನಾಗ ಕೇಳ್ತೀನಿ."

ಭಾಷೆ ಗೊತ್ತಿಲ್ಲದೆ ಬೀಗರ ಹತ್ತಿರ ಮಗಳನ್ನು ಕೇಳುವುದು ಭಿಕ್ಷೆ ಆಗುತ್ತದೆ. ಭಾಷೆ ಕಲಿತು ಕೇಳಿದರೆ ಹಕ್ಕು. ಹೀಗೆಂದು ನನ್ನ ಲೆಕ್ಕ.

ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇಂಟರ್ನೆಟ್ಟಿನ ಪಾಠಗಳ ನಲವತ್ತು ಹಾಳೆ ತೆಗೆಸಿಕೊಂಡು ಬಂದೆ. ಮೊದಲ ಹಾಳೆಯಲ್ಲೇ ಮೈ ಉರಿಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಪದದ ಕೊನೆಯ ಅಕ್ಷರ ಮಾತ್ರ ಉಚ್ಚರಿಸುವುದಿಲ್ಲ. ಅದು ದನಿ ಏರಬೇಕೋ ಇಳಿಯಬೇಕೋ ಎಂದು ಹೇಳಲು ನಿಂತ ಕಾವಲುಗಾರ ಅಂತೆ. ಏಳೆಂಟು ದನಿ. ಒಂದು ಮೇಲೆ, ಒಂದು ಕೆಳಗೆ, ಒಂದು ಅರ್ಧ ದಾರಿಯಲ್ಲಿ ಕುತ್ತಿಗೆ ಹಿಚುಕಿದಂತೆ. ಕಾಗುಣಿತ ತಪ್ಪಿದ ಹುಡುಗರ ಕಿವಿ ಹಿಂಡಿದವಳು ನಾನು, ಇಲ್ಲಿ ಯಾರ ಕಿವಿ ಹಿಂಡಲಿ? ರೊಟ್ಟಿ ಬಡಿಯುತ್ತಾ ಅಭ್ಯಾಸ ಮಾಡಿದೆ. ಪಕ್ಕದ ಮನೆಯ ಸೈದಾ ಬೀ ಕಿಟಕಿಯಿಂದ ಇಣುಕಿ, "ಯಾ ಅಲ್ಲಾ, ಟೀಚರ್‍ಗೆ ಗಂಟಲಾಗ ಏನರ ಸಿಕ್ಕೊಂಡೈತೇನು?" ಅಂದಳು.

ಈ ಸೈದಾ ಬೀ ನಮ್ಮ ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುವವಳು. ಶಿವಗಂಗಾಳನ್ನೂ ಕೂಡ್ಲಿಗಿಯಿಂದ ಇಲ್ಲಿಗೆ ತಂದ ಹದಿನೈದು ದಿನದ ಕೂಸಿದ್ದಾಗಿಂದ ಎರೆದವಳು. ಈ ಸಲಕ್ಕೆ ಅವಳಿಗೆ ಆಗಲೇ ಹೇಳಿಟ್ಟಿದ್ದೆ.

ಹಾಳೆಯಿಂದ ಕಲಿಯುವುದು ಸಾಗದೆ ಕೊನೆಗೆ ಬೀಗತಿಯ ಹತ್ತಿರವೇ ಕಲಿಯತೊಡಗಿದೆ. ಅವಳ ಹೆಸರು ಮಾಯ್. ನನಗಿಂತ ಎರಡು ವರ್ಷ ಚಿಕ್ಕವಳು, ಓದು ಬರಹ ಇಲ್ಲ, ಮುಖ ಉರುಟು, ನಗುವಾಗ ಬಾಯಿಗೆ ಕೈ. ದಿನಾ ಬೆಳಗ್ಗೆ ಏಳಕ್ಕೆ ವಿಡಿಯೋ ಕಾಲ್. ಶಿವಗಂಗಾ ಫೋನ್ ಹಚ್ಚಿ ಅತ್ತೆಯ ಕೈಗೆ ಕೊಟ್ಟು ಕೆಲಸಕ್ಕೆ ಹೋಗುವಳು. ಮಾಯ್ ಅಂಗಳದಲ್ಲಿ ಅಡ್ಡಾಡುತ್ತಾ ಕೋಳಿ ತೋರಿಸಿ ಒಂದು ಮಾತು, ಮೆಕ್ಕೆಜೋಳ ತೋರಿಸಿ ಒಂದು ಮಾತು. ನಾನು ಹೇಳಬೇಕು. ಕೋಳಿ ಎಂಬ ಒಂದು ಪದಕ್ಕೆ ಹನ್ನೊಂದು ಸಲ ತಿದ್ದಿದಳು, ಹನ್ನೆರಡನೆಯದಕ್ಕೆ ಸೊಂಟ ಹಿಡಿದು ನಕ್ಕಳು. ನನ್ನ ಸರ್ವಿಸಿನಲ್ಲಿ ಯಾರೂ ನನ್ನ ಮುಖಕ್ಕೆ ಹಾಗೆ ನಕ್ಕವರಿಲ್ಲ. ಫೋನ್ ಆಫ್ ಮಾಡಿ ಹೊರಗೆ ಹೋಗಿ ತುಳಸಿ ಇಲ್ಲದ ನಮ್ಮ ಖಾಲಿ ಕಟ್ಟೆಯ ಮೇಲೆ ಕೂತೆ.

"ಒಂದನೇ ಕ್ಲಾಸಿನ ಹುಡುಗರು ಹಿಂಗ ಅಳತಿದ್ವು ನೋಡು," ಅಂದರು ಭೀಮರಾಜ.

"ನಾ ಎಲ್ಲಿ ಅಳಾಕ ಹತ್ತೀನ್ರಿ?"

"ಇಲ್ಲ ಇಲ್ಲ, ಹಂಗ ಅಂದೆ."

ಎರಡು ತಿಂಗಳಾಗುವಷ್ಟರಲ್ಲಿ ಸುಮಾರು ಇನ್ನೂರು ಮಾತು ಬಂದವು. ಬಂದಂತೆಲ್ಲ ನನಗೆ ಆಶ್ಚರ್ಯ. ಅವರೂ ಎದುರು ಸಿಕ್ಕವರನ್ನು ಮೊದಲು ಊಟ ಆಯಿತೇ ಅಂತಲೇ ಕೇಳುತ್ತಾರೆ. ಎರಡನೆಯದಾಗಿ ನಿನ್ನ ಕುಲ ಯಾವುದು ಎಂದು ಕೇಳುತ್ತಾರೆ. ಮಾಯ್‍ಳ ಗಂಡನ ಕಡೆಯವರು ವಾಂಗ್ ಕುಲ. ಒಂದೇ ಕುಲದ ಹುಡುಗ ಹುಡುಗಿ ಅಣ್ಣ ತಂಗಿಯರಂತೆ, ಮದುವೆ ಇಲ್ಲ. ನಮ್ಮ ಬೆಡಗು ಇದ್ದಂತೆಯೇ. ಬಾಣಂತಿಗೆ ಒಂದು ತಿಂಗಳು ಪೂರಾ ಬಿಸಿ ನೀರು, ಸೊಪ್ಪು ಹಾಕಿದ ಬಿಸಿ ಕೋಳಿ ಸಾರು, ತಣ್ಣಗಿನದ್ದು ಮುಟ್ಟುವಂತಿಲ್ಲ. ಇದನ್ನು ಹೇಳಿದಾಗ ಸೈದಾ ಬೀ, "ಹೌದಲ್ಲ, ನಮ್ಮಂಗ ಅದಾರಲ್ಲ!" ಎಂದು ತಲೆಯಾಡಿಸಿದಳು. ಹತ್ತು ಮಾತು ಹೊಂದಿದ ಮೇಲೆ ಹನ್ನೊಂದನೆಯದೂ ಹೊಂದುತ್ತದೆ ಎಂದು ನಾನು ನಂಬಿದೆ. ನನ್ನ ತಪ್ಪು ಅಲ್ಲಿಯದು.

ಏಳನೇ ತಿಂಗಳು ಬಿತ್ತು. ಕೇಳುವ ಮಾತನ್ನು ಹದಿನೇಳು ದಿನ ಉರು ಹಚ್ಚಿದೆ. ಆ ಭಾನುವಾರ ಬೆಳಗ್ಗೆ ತಲೆಗೆ ಎರೆದುಕೊಂಡು, ತಟ್ಟೆಯಲ್ಲಿ ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟೆ. ಸೈದಾ ಬೀ ಹೊಸ ದುಪಟ್ಟ ಹೊದ್ದು ಪಕ್ಕದಲ್ಲಿ ಕೂತಳು. ಭೀಮರಾಜ ಫೋನ್ ಹಿಡಿದರು. ಮಾಯ್ ಕಾಣಿಸಿಕೊಂಡಳು, ಊಟ ಆಯಿತೇ ಅಂದಳು, ಆಯಿತು ಅಂದೆ. ತಟ್ಟೆ ಎತ್ತಿ ತೋರಿಸಿದೆ. ಆಮೇಲೆ ನಿಧಾನವಾಗಿ, ಒಂದೊಂದು ಪದವನ್ನೂ ಏರಿಸಿ ಇಳಿಸಿ ಹೇಳಿದೆ:

"ನಾನು ನನ್ನ ಮಗಳನ್ನು ಮನೆಗೆ ವಾಪಸ್ ಕರೆದುಕೊಂಡು ಬರುತ್ತೇನೆ. ಅವಳು ಇಲ್ಲಿ, ನನ್ನ ಮನೆಯಲ್ಲಿ ಹೆರಲಿ."

ಮಾಯ್ ತಿದ್ದಲಿಲ್ಲ. ನಗಲೂ ಇಲ್ಲ. ಅವಳ ಮುಖದಲ್ಲಿದ್ದದ್ದೆಲ್ಲ ಇಳಿದುಹೋಯಿತು. ಇನ್ನೊಂದು ಸಲ ಹೇಳು ಅಂದಳು. ಹೇಳಿದೆ, ಮೊದಲಿಗಿಂತ ಸ್ಪಷ್ಟವಾಗಿ. ಅವಳು ಫೋನ್ ಬಂದ್ ಮಾಡಿದಳು.

"ಏನಾತು?" ಅಂದಳು ಸೈದಾ ಬೀ.

"ನೆಟ್‍ವರ್ಕ್ ಹೋಗಿರಬೇಕು," ಅಂದರು ಭೀಮರಾಜ. ಅವರಿಗೂ ನಂಬಿಕೆ ಇರಲಿಲ್ಲ.

ಮೂರು ದಿನ ಅತ್ತ ಕಡೆಯಿಂದ ಸುದ್ದಿಯಿಲ್ಲ. ನಾಲ್ಕನೇ ದಿನ ಶಿವಗಂಗಾ ಮನೆಯ ಹಿಂದಿನ ಮೆಕ್ಕೆಜೋಳದ ಹೊಲದಲ್ಲಿ ನಿಂತು ಫೋನ್ ಮಾಡಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಅವ್ವಾ, ಏನ್ ಕೇಳೀದಿ ನೀನು? ಇಲ್ಲಿ ಮನಿ ತುಂಬ ಹಿರೇರು ಕುಂತಾರ. ಇಲ್ಲಿ ಇವರ ಪದ್ಧತ್ಯಾಗ ಮತ್ತ ಮದುವಿ ಮಾಡಿದಾಗ ಮಾತು ಆಡಿದ ಇಬ್ಬರೂ ಮಧ್ಯಸ್ಥರನ್ನ ಕರಸ್ಯಾರ. ಹೆಣ್ಣಿನ ತಾಯಿ ಮಗಳನ್ನ ವಾಪಸ್ ಕೇಳ್ಯಾಳ ಅಂದ್ರ ಇಲ್ಲಿ ಸಂಬಂಧ ಮುರೀತು ಅಂತ. ನಾವು ಏನ್ ತಪ್ಪು ಮಾಡೀವಿ ಅಂತ ಅತ್ತಿ ಮೂರು ದಿನ ಉಂಡಿಲ್ಲ."

"ಅಯ್ಯೋ ನನ್ನವ್ವ! ಹೆರಿಗಿಗೆ ಅಂತ ಹೇಳೀನಲ್ಲೇ!"

"ಅದು ಇನ್ನೂ ದೊಡ್ಡದು. ಮದುವಿ ಆಗಿ ಬಂದ ದಿನ ಬಾಗಲಾಗ ನನ್ನ ತಲಿ ಮ್ಯಾಲೆ ಹುಂಜ ತಿರುವಿದ್ರಲ್ಲ, ಅವತ್ತಿಂದ ನಾ ಈ ಮನಿ ಹಿರೇರಿಗೆ ಸೇರೀನಿ. ಮದುವಿ ಆದ ಮಗಳು ತವರಾಗ ಹೆರಂಗಿಲ್ಲ. ಹೆತ್ರ ತವರಿಗೆ ಕೇಡು ಅಂತಾರ. ನಿನಗ, ಅಪ್ಪಗ ಕೇಡು. ಅತ್ತಿಗೆ ಅದೂ ಒಂದು ಹೆದರಿಕಿ."

"ನಿನಗ ಗೊತ್ತಿತ್ತೇನು? ಗೊತ್ತಿದ್ದೂ ನನ್ನ ಬಾಯಿಂದ ಕೇಳಿಸಿದೇನು?"

"ಬ್ಯಾಡ ಅಂತಾರ ಅಂತ ಗೊತ್ತಿತ್ತು. ಪಂಚಾಯ್ತಿ ಕೂಡತೈತಿ ಅಂತ ಗೊತ್ತಿದ್ದಿಲ್ಲ. ನನಗೂ ಬರೋ ಆಸಿ ಇತ್ತವ್ವ."

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮೂವತ್ತಮೂರು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ. ನಾನು ಆಡಿದ್ದರಲ್ಲಿ ಒಂದು ದನಿಯೂ ತಪ್ಪಿರಲಿಲ್ಲ ಎಂದು ಶಿವಗಂಗಾಳೇ ಹೇಳಿದಳು. ಹರಕು ಮುರುಕಾಗಿ ಕೇಳಿದ್ದರೆ ಮುದುಕಿ ಏನೋ ಬಡಬಡಿಸಿದಳು ಎಂದು ಬಿಟ್ಟುಬಿಡುತ್ತಿದ್ದರೇನೋ. ನಾನು ನೂರಕ್ಕೆ ನೂರು ತೆಗೆದುಕೊಂಡು ಮಗಳ ಸಂಸಾರಕ್ಕೆ ಕಲ್ಲು ಹಾಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ವಿಡಿಯೋದಲ್ಲಿ ಹಿರಿಯರ ಮುಂದೆ ಕೂತೆ. ಆ ಕಡೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಐದು ಜನ ಗಂಡಸರು, ಹಿಂದೆ ಬಾಗಿಲಿಗೆ ಆತು ನಿಂತ ಮಾಯ್. ನಾನು ಹೆಡ್ಮಾಸ್ತರರ ಮುಂದೆಯೂ ತಪ್ಪಾಯಿತು ಅಂದವಳಲ್ಲ. ಶಿವಗಂಗಾ ಹೇಳಿಕೊಟ್ಟ ಮಾತನ್ನು ಅಂಗೈಯಲ್ಲಿ ಬರೆದುಕೊಂಡಿದ್ದೆ, ಬೆವರಿಗೆ ಅಳಿಸಿತ್ತು. ನೆನಪಿದ್ದಷ್ಟು ಹೇಳಿದೆ: "ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ. ನನ್ನ ತಪ್ಪು. ಸೊಸೆ ನಿಮ್ಮವಳು. ನಮ್ಮೂರಲ್ಲಿ ತಾಯಿ ಮಗಳ ಹೆರಿಗೆ ಮಾಡುತ್ತಾಳೆ, ಅದಕ್ಕೆ ಕೇಳಿದೆ." ಈ ಸಲ ದನಿಗಳು ತಪ್ಪಿದವು ಅಂತ ನನಗೇ ಗೊತ್ತಾಯಿತು. ಯಾರೂ ನಗಲಿಲ್ಲ. ಐವರಲ್ಲಿ ಹಿರಿಯ ಮಾಯ್ ಕಡೆ ತಿರುಗಿದ. ಅವಳು ಮುಂದೆ ಬಂದು, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು:

"ಅವಳು ಹೋಗುವ ಹಾಗಿಲ್ಲ. ನೀನು ಬಾ."

ಅದು ಹೇಳಿದಷ್ಟು ಹಗುರವಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಕೈ ತೊಳೆದು ಉಣ್ಣಬಾರದು ಎಂದು ಬೆಳೆದವಳು ನಾನು. ನನ್ನವ್ವ ನೀರು ಕುಡಿಯದೆ ಹೋದದ್ದೂ ಆ ಕಟ್ಟುಪಾಡಿಗೇ. ಬೀಗರ ಮನೆಯ ಹೊಸ್ತಿಲಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದಾ? ಎರಡು ದಿನ ಮುಖ ಊದಿಸಿಕೊಂಡು ಅಡ್ಡಾಡಿದೆ.

"ಹೋಗ್ರಿ ಟೀಚರ್," ಅಂದಳು ಸೈದಾ ಬೀ, "ಮಾನ ಎಷ್ಟಿದ್ರೂ ವಿಮಾನದಾಗ ತೂಕ ಹಾಕಂಗಿಲ್ಲ. ನನಗ ಕರದಿದ್ರ ನಾ ಇವತ್ತ ಹೊಂಟಿರತಿದ್ದೆ."

ಮೂರನೇ ದಿನ ಬರುತ್ತೇನೆ ಎಂದು ಹೇಳಿದೆ. ಮಾಯ್ ಬಾಯಿಗೆ ಕೈ ಹಚ್ಚಿ ನಕ್ಕಳು, ನಾನೂ ನಕ್ಕೆ. ಪಾಠ ಮತ್ತೆ ಶುರುವಾಯಿತು. ಈಗ ನಾನು ಕಲಿತದ್ದು ಬೇರೆ ಮಾತು: ಬಿಸಿ ನೀರು, ಎಣ್ಣೆ, ನೋವು, ಹಿಡಿ, ಬಿಡು, ಇಡು, ಒತ್ತು, ಸಾಕು. ಪಾಸ್‍ಪೋರ್ಟಿಗೆ ಹಾಕಿದರೆ ಆಧಾರಿನಲ್ಲಿ ಕನಕಮ್ಮ, ಎಸ್ಸೆಸ್ಸೆಲ್ಸಿಯಲ್ಲಿ ಕನಕವ್ವ. ಅಫಿಡವಿಟ್ಟು, ಪೊಲೀಸ್ ವಿಚಾರಣೆ ಎಂದು ಒಂದೂವರೆ ತಿಂಗಳು ಹೋಯಿತು. ಅಂತೂ ಕೈಗೆ ಬಂತು. ಇಪ್ಪತ್ತೆರಡನೇ ತಾರೀಖಿಗೆ ಟಿಕೆಟ್ಟು. ಹೆರಿಗೆಗೆ ಆಗ ಇನ್ನೂ ಹತ್ತು ದಿನ ಇರುತ್ತಿತ್ತು.

ಅದೇ ತಿಂಗಳ ಒಂಬತ್ತನೇ ತಾರೀಖು ಬೆಳಗ್ಗೆಯೇ ನೋವು ಬಂತು.

ಮೊದಲೇ ಹೇಳಿಬಿಡುತ್ತೇನೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಹುಟ್ಟಿತಂತೆ. ನಾನು ಹೇಳಬೇಕಾದದ್ದು ಅದಕ್ಕಿಂತ ಮುಂಚಿನದ್ದು.

ಅವರ ಊರಿನಿಂದ ಆಸ್ಪತ್ರೆಗೆ ಗುಡ್ಡ ಇಳಿಯುವ ದಾರಿ, ಒಂದೂವರೆ ಗಂಟೆ. ಫೆಂಗ್ ಪಿಕಪ್ ಗಾಡಿ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಶಿವಗಂಗಾ, ಮಾಯ್. "ಅವ್ವಾ, ಫೋನ್ ಇಡಬ್ಯಾಡ," ಅಂದಿದ್ದಳು ಮಗಳು, ಹೊರಡುವಾಗಲೇ. ಇಡಲಿಲ್ಲ. ಮಾಯ್ ಎಡಗೈಯಲ್ಲಿ ಫೋನ್ ಹಿಡಿದು ನನಗೆ ತೋರಿಸುತ್ತಿದ್ದಳು, ಬಲಗೈಯಲ್ಲಿ ಸೊಸೆಯ ಭುಜ. ನಾನು ಇಲ್ಲಿಂದ ಕನ್ನಡದಲ್ಲಿ ಮಗಳಿಗೆ, ಹ್ಮಾಂಗಿನಲ್ಲಿ ಮಾಯ್‍ಗೆ ಹೇಳುತ್ತಲೇ ಇದ್ದೆ. ಉಸಿರು ಬಿಡು. ಸೊಂಟ ಒತ್ತು. ನೀರು ಕೊಡಬೇಡ, ತುಟಿ ಒದ್ದೆ ಮಾಡು. ಹೇಳಿದ್ದನ್ನೆಲ್ಲ ಮಾಯ್ ಮಾಡಿದಳು, ಒಂದೇ ಕೈಯಲ್ಲಿ. ನನ್ನ ಹಿಂದೆ ಭೀಮರಾಜ ನಿಂತಿದ್ದರು, ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಒಂದು ತಿರುವಿನಲ್ಲಿ ಗಾಡಿ ವಾಲಿತು. ಶಿವಗಂಗಾ ಸೀಟಿನಿಂದ ಜಾರಿದಳು, ಮಾಯ್‍ಳ ಒಂದು ಕೈಗೆ ಅವಳ ಭಾರ ನಿಲ್ಲಲಿಲ್ಲ. ಆಗಲೇ ದೊಡ್ಡ ನೋವು ಬಂತು. ಮಗಳು ಕಣ್ಣು ಮುಚ್ಚಿ, ಮುಖವನ್ನು ಅತ್ತೆಯ ಎದೆಗೆ ಒತ್ತಿ ಕೂಗಿದಳು.

"ನಿಯಾ! ನಿಯಾ!"

ಹ್ಮಾಂಗಿನಲ್ಲಿ ಅದು ತಾಯಿ. ಮೂರನೇ ಪಾಠದಲ್ಲೇ ಕಲಿತದ್ದು. ಕಲಿಯದೇ ಇದ್ದಿದ್ದರೆ ಸುಮ್ಮನೆ ನರಳಿದಳು ಎಂದುಕೊಳ್ಳುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇಪ್ಪತ್ತೊಂಬತ್ತು ವರ್ಷ ನನ್ನನ್ನು ಅವ್ವ ಎಂದಿದ್ದಾಳೆ, ಆ ಹೊತ್ತಿಗೆ ಅವಳು ಕರೆದದ್ದು ನನ್ನನ್ನಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಿನಿಂದ ಕಣ್ಣು ಕತ್ತಲಾಯಿತು.

ಮಾಯ್‍ಗೂ ಅದು ಕೇಳಿಸಿತ್ತು. ಅವಳು ಗಾಬರಿಯಲ್ಲಿ ನನ್ನನ್ನು ನೋಡಿ, ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ, ಫೋನನ್ನು ಸೊಸೆಯ ಮುಖದ ಹತ್ತಿರ ಹಿಡಿದಳು. "ನಿನ್ನ ತಾಯಿ ಇಲ್ಲಿದ್ದಾಳೆ," ಅಂದಳು, "ನೋಡು, ನಿನ್ನ ತಾಯಿ ಇಲ್ಲಿದ್ದಾಳೆ." ಪೂರ್ತಿ ವಾಕ್ಯ ಯೋಚನೆಯೇ ಇಲ್ಲದೆ ನನಗೆ ಅರ್ಥವಾದದ್ದು ಅದೇ ಮೊದಲು. ಗಾಡಿ ಮತ್ತೆ ವಾಲಿತು. ಶಿವಗಂಗಾಳ ತಲೆ ಬಾಗಿಲಿಗೆ ಬಡಿಯಿತು. ಮಾಯ್‍ಳ ಎಡಗೈ ಆಗಲೂ ನನ್ನನ್ನೇ ಹಿಡಿದುಕೊಂಡಿತ್ತು.

"ಫೋನ್ ಇಡು," ಅಂದೆ ಅವಳ ಭಾಷೆಯಲ್ಲಿ. ಅವಳು ಅನುಮಾನಿಸಿದಳು. ಕ್ಲಾಸಿನಲ್ಲಿ ಗದರುವ ದನಿಯಲ್ಲಿ ಇನ್ನೊಂದು ಸಲ ಹೇಳಿದೆ. "ಫೋನ್ ಇಡು. ಎರಡು ಕೈಯಲ್ಲಿ ಹಿಡಿ ಅವಳನ್ನ. ತಾಯಿ ನೀನು."

ದನಿ ಏರಿತೋ ಇಳಿಯಿತೋ ಗೊತ್ತಿಲ್ಲ. ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು, ಫೋನ್ ಸೀಟಿನ ಮೇಲೆ ಬಿತ್ತು. ಆಮೇಲೆ ಕಂಡದ್ದು ಗಾಡಿಯ ಚಾವಣಿ ಮಾತ್ರ, ಅದರ ರೆಕ್ಸಿನ್ನು ಒಂದು ಕಡೆ ಹರಿದಿತ್ತು. ಮಗಳ ನರಳಾಟ, ಮಾಯ್‍ಳ ಸಣ್ಣ ದನಿ, ಫೆಂಗ್ ಗೇರು ಬದಲಿಸುವ ಸದ್ದು ಕೇಳುತ್ತಿತ್ತು. ನಾನು ಚಾವಣಿಯನ್ನೇ ನೋಡುತ್ತಾ ಕೂತೆ. ಏಳೆಂಟು ನಿಮಿಷಕ್ಕೆ ಅದೂ ಕಟ್ಟಾಯಿತು.

"ತಿರುಗಿ ಹಚ್ಚು ಜಲ್ದಿ," ಅಂದರು ಭೀಮರಾಜ. "ಹಚ್ಚಲೇ, ಏನ್ ನೋಡಾಕ ಹತ್ತೀದಿ?"

ನಾನು ಫೋನನ್ನು ಬೋರಲು ಹಾಕಿ ಕಟ್ಟೆಯ ಮೇಲಿಟ್ಟೆ.

"ಬ್ಯಾಡ್ರಿ," ಅಂದೆ. "ಎತ್ತಬೇಕಂದ್ರ ಆಕಿ ಒಂದು ಕೈ ಬಿಡಬೇಕು."